ಲಿಂಬೆವಾಸನೆಯ ವರ

ನನ್ನ ಅತ್ತೆ ಹುಬ್ಬಳ್ಳಿಯಿಂದ ಬರೋಡಾಕ್ಕೆ ಬಂದದ್ದು ನನ್ನ ಕೆಲಸ ಬಿಡಿಸಲಿಕ್ಕೆ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಟಾಂಗಾದಿಂದ ಇಳಿದು, ಕಾಲು ತೊಳೆದು, ನೀರಿನ ಲೋಟ ಕೆಳಗಿಡುವ ಮೊದಲೇ ಕೇಳಿದರು.

“ನೀ ಗಿಡಾ ಹತ್ತತೀಯಂತ?”

“ಗಿಡಾ ಅಲ್ರಿ, ಏಣಿ ಹತ್ತತೀನಿ,” ಅಂದೆ.

“ಹತ್ತಿ ಏನ ಮಾಡ್ತಿ ಅಂಬೋದು ನಂಗ ಗೊತ್ತಾಗೇದ. ಅದನ್ನ ನಾ ಬಾಯಿಲೆ ಅನ್ನೂದಿಲ್ಲ.”

ಅರವತ್ತರ ದಶಕದ ಮಾತು. ಬರೋಡಾದ ಹತ್ತಿರ ಕೊಯಾಲಿಯಲ್ಲಿ ತೈಲ ಶುದ್ಧೀಕರಣದ ಕಾರ್ಖಾನೆ ಏಳುತ್ತಿತ್ತು. ನನ್ನ ಗಂಡ ಅಲ್ಲಿ ಎಂಜಿನಿಯರು. ಬೆಳಿಗ್ಗೆ ಇಸ್ತ್ರಿ ಅಂಗಿಯಲ್ಲಿ ಹೋದವರು ಸಂಜೆ ಸಿಮೆಂಟಿನ ಬೊಂಬೆಯಾಗಿ ಮರಳುತ್ತಿದ್ದರು. ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದ ನನಗೆ ದಿನವಿಡೀ ಬೇಳೆ ಆರಿಸುತ್ತ ಕೂಡುವುದು ಆಗಲಿಲ್ಲ. ಕೊಯಾಲಿಯ ದಾರಿಯಲ್ಲಿ, ಊರ ಹೊರಗೆ, ನೀಲಗಿರಿ ಮರಗಳ ತಳಿ ಬೆರೆಸುವ ಸಣ್ಣದೊಂದು ತೋಟವಿತ್ತು. ಅಲ್ಲಿ ಹಂಗಾಮಿ ಸಹಾಯಕಿಯ ಕೆಲಸ ಸಿಕ್ಕಿತು. ಆಗ ಗುಜರಾತಿನ ರೈತರಲ್ಲಿ ಮೈಸೂರು ನೀಲಗಿರಿಯ ಬೀಜಕ್ಕೆ ಬಲು ಬೇಡಿಕೆ. ಮೈಸೂರು ರಾಜ್ಯದವಳೆಂದರೆ ಆ ಮರದ ನೆಂಟಳೇ ಇರಬೇಕೆಂದು ತೋಟದ ಸಾಹೇಬರು ನಂಬಿದ್ದರು. ಧಾರವಾಡದಲ್ಲಿ ಕೂತವರಿಗೆ ಮೈಸೂರು ಎಷ್ಟು ದೂರವೆಂದು ನಾನು ಬಿಡಿಸಿ ಹೇಳಲು ಹೋಗಲಿಲ್ಲ.

ಅತ್ತೆಯವರು ಬಾಯಿಬಿಟ್ಟು ಹೇಳಲಾರದ ಕೆಲಸ ಇಷ್ಟೇ. ನೀಲಗಿರಿಯ ಮೊಗ್ಗಿಗೆ ಪುಟ್ಟದೊಂದು ಟೊಪ್ಪಿಗೆ ಇರುತ್ತದೆ. ಅರಳುವಾಗ ಟೊಪ್ಪಿಗೆ ಬಿದ್ದು, ಒಳಗಿನ ಕೇಸರಗಳು ಕುಂಚದ ಹಾಗೆ ಹರಡಿಕೊಳ್ಳುತ್ತವೆ. ಹಾಗೇ ಬಿಟ್ಟರೆ ಜೇನುಹುಳುಗಳು ಯಾವ ಯಾವ ಮರದ ಪರಾಗವನ್ನೋ ತಂದು ಒರೆಸಿ ಹೋಗುತ್ತವೆ. ಹುಟ್ಟಿದ ಸಸಿಗೆ ತಂದೆ ಯಾರೆಂದು ಯಾರೂ ಹೇಳುವಂತಿಲ್ಲ. ಆದ್ದರಿಂದ ಟೊಪ್ಪಿಗೆ ತಾನಾಗಿ ಬೀಳುವ ಮೊದಲೇ ಅದನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಕೇಸರಗಳನ್ನು ಚಿಮಟದಿಂದ ಕಿತ್ತು, ಕೊಂಬೆಗೆ ತೆಳುಬಟ್ಟೆಯ ಚೀಲ ಕಟ್ಟಬೇಕು. ಕೆಲವು ದಿನಗಳಾದ ಮೇಲೆ ಹೂವಿನ ನಡುವಿನ ಕಡ್ಡಿಯ ತುದಿ ಅಂಟಂಟಾಗುತ್ತದೆ. ಆಗ ಚೀಲ ಬಿಚ್ಚಿ, ನಾವು ಆರಿಸಿದ ಮರದ ಪರಾಗವನ್ನು ಕುಂಚದಿಂದ ಹಚ್ಚಿ, ಮತ್ತೆ ಚೀಲ ಕಟ್ಟಬೇಕು. ಇದನ್ನು ನಾನು ನಮ್ಮ ಪಕ್ಕದ ಮನೆಯ ಮರಾಠಿ ಅಜ್ಜಿಗೆ ಒಮ್ಮೆ ವಿವರಿಸಿದ್ದೆ. ಬರೋಡಾದಲ್ಲಿ ಮರಾಠಿಗೆ ಬರವಿಲ್ಲ, ಅತ್ತೆಗೂ ಮರಾಠಿ ನೀರು ಕುಡಿದಷ್ಟು ಸಲೀಸು. ಹಿಂದಿನ ಸಲ ಬಂದಾಗಲೇ ಇಬ್ಬರಿಗೂ ಗೆಳೆತನವಾಗಿತ್ತು. ನಿಮ್ಮ ಸೊಸೆ ಹೂವುಗಳ ಗಂಡಸುತನ ಕೀಳುತ್ತಾಳೆ ಎಂಬ ಸುದ್ದಿ ಹುಬ್ಬಳ್ಳಿ ಮುಟ್ಟಲು ತಡವಾಗಲಿಲ್ಲ.

ಮರುದಿನ ಅತ್ತೆ ನನ್ನ ಜೊತೆ ತೋಟಕ್ಕೆ ಹೊರಟರು. ಸಾಹೇಬರ ಎದುರೇ ರಾಜೀನಾಮೆ ಕೊಡಿಸುವುದು ಅವರ ಹಂಚಿಕೆ.

ಸಾಹೇಬರು ಬಿಸಿಲಿಗೆ ಹೆದರುವ, ಎಂದೂ ದನಿ ಎತ್ತದ ಗುಜರಾತಿ ಗೃಹಸ್ಥರು. ಕೈಯಲ್ಲಿ ಸದಾ ಕಪ್ಪು ಛತ್ರಿ. ಅವರಿಗೂ ಮರಾಠಿ ಬರುತ್ತಿತ್ತು. “ಬನ್ನಿ ಮಾಜಿ,” ಎಂದು ತಾಯಿಯನ್ನು ಕರೆಯುವಂತೆ ಕರೆದು, ಛತ್ರಿಯನ್ನು ಅತ್ತೆಯ ತಲೆಯ ಮೇಲೆ ಹಿಡಿದು, ತಾವು ಬಿಸಿಲಲ್ಲಿ ನಡೆಯುತ್ತ ತೋಟ ತೋರಿಸಿದರು. ಅತ್ತೆಯ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು. ಮೈಸೂರು ನೀಲಗಿರಿಯ ಮೇಲೆ ಚೀಲ ಕಟ್ಟಿದ ಕೊಂಬೆಗಳನ್ನು ನೋಡಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, “ಎರಡಕ್ಕೂ ಗೋತ್ರಾ ಬ್ಯಾರೆ ಬ್ಯಾರೆ ಅದಾವೋ ಇಲ್ಲೋ?” ನನಗೆ ನಗು ತಡೆಯಲಾಗಲಿಲ್ಲ. ನಾನು ಅದನ್ನು ಮರಾಠಿಗೆ ತಿರುಗಿಸಿದಾಗ ಸಾಹೇಬರು ಮಾತ್ರ ನಗಲಿಲ್ಲ. ಹತ್ತಿರದ ಸಂಬಂಧವಾದರೆ ಸಸಿಗಳು ಕುಂಟುತ್ತವೆ, ನಾವು ನೋಡುವುದೂ ಅದನ್ನೇ, ಎಂದು ಗಂಭೀರವಾಗಿ ಉತ್ತರಿಸಿದರು.

“ಹಂಗಾರ ವರಾ ಯಾರು?”

ಸಾಹೇಬರು ತೋಟದ ಮೂಲೆಯ ಮರ ತೋರಿಸಿದರು. ಅದು ಬೇರೆ ಜಾತಿಯ ನೀಲಗಿರಿ. ಮರಳು ನೆಲದಲ್ಲಿ, ನೀರಿಲ್ಲದೆ, ಎಲ್ಲ ಬೇಸಿಗೆಗಳನ್ನೂ ದಾಟಿದ ಗಟ್ಟಿಜೀವ. ಆದರೆ ಕಾಂಡ ಎರಡು ಕಡೆ ಬಾಗಿ, ತೊಗಟೆ ಹರಿದು ಜೋತಾಡುತ್ತಿತ್ತು. ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿದರು.

“ಗುಣಾ ಇರಬಹುದು. ಖರೆ ಸೊಟ್ಟ ಅದಾನ,” ಅಂದರು. ಆಮೇಲೆ ಗೇಟಿನ ಬಳಿಯ ಮರದತ್ತ ತಿರುಗಿದರು. ಲಿಂಬೆವಾಸನೆಯ ನೀಲಗಿರಿ ಅದು. ಕಾಂಡ ನೆಟ್ಟಗೆ, ನುಣ್ಣಗೆ, ಬೆಳ್ಳಗೆ. ಎಲೆ ಹೊಸಕಿದರೆ ಘಮಘಮ. “ಇಂಥಾವನ್ನ ಬಾಗಲದಾಗ ನಿಂದರಿಸಿ, ಆ ಮೂಲ್ಯಾಗಿಂದಕ್ಕ ಹೆಣ್ಣು ಕೊಡ್ತೀರಲ್ಲ.”

ರಾಜೀನಾಮೆಯ ಮಾತು ಅಂದು ಏಳಲಿಲ್ಲ. ಮರುದಿನವೂ ಏಳಲಿಲ್ಲ. ಅತ್ತೆ ದಿನಾ ಮಧ್ಯಾಹ್ನದ ಡಬ್ಬಿ ಹಿಡಿದು ತೋಟಕ್ಕೆ ಬರತೊಡಗಿದರು. ನಾನು ಏಣಿಯ ಮೇಲಿದ್ದಾಗ ಕೆಳಗೆ ನಿಂತು, “ಸೆರಗು ಸರಿ ಮಾಡ್ಕೋ,” ಅನ್ನುತ್ತಿದ್ದರು. ಉಳಿದ ಹೊತ್ತು ಗೇಟಿನ ಮರದ ನೆರಳಲ್ಲಿ ಕೂತು, ಕಾವಲುಗಾರನಿಂದ ಕೊಂಬೆ ಬಗ್ಗಿಸಿಕೊಂಡು ಹೂ ಕೊಯ್ಯುತ್ತಿದ್ದರು. ದೇವರಿಗೆ ಇರಬೇಕೆಂದುಕೊಂಡೆ.

ಪರಾಗವನ್ನು ಒಣಗಿಸಿ, ಶೀಶೆಗಳಲ್ಲಿ ತುಂಬಿ ತಣ್ಣಗಿಡಬೇಕಿತ್ತು. ತೋಟಕ್ಕೆ ಫ್ರಿಜ್ ಇರಲಿಲ್ಲ. ಇದ್ದದ್ದು ಸ್ಟೇಷನ್ನಿನ ಬಳಿಯ ಉಡುಪಿ ಹೋಟೆಲಿನಲ್ಲಿ. ಅದರ ಮಾಲೀಕರು ನನ್ನ ಕನ್ನಡಕ್ಕೆ ಕರಗಿ ಒಂದು ಮೂಲೆ ಕೊಟ್ಟಿದ್ದರು. ಕೊಡುವ ಮೊದಲು, “ಮೊಟ್ಟೆಗಿಟ್ಟೆ ಅಲ್ಲ ಅಲ್ಲವಾ?” ಎಂದು ಕೇಳಿದ್ದರು. “ಮೊಟ್ಟೆ ಅಲ್ಲ, ಅದರ ಗಂಡಿನ ಕಡೆಯದು,” ಎಂದಾಗ ಕೆಂಪಾಗಿ ಒಳಗೆ ಹೋಗಿದ್ದರು. ಒಂದು ಸಂಜೆ ಅತ್ತೆಯೊಂದಿಗೆ ಅಲ್ಲಿಗೆ ಹೋಗಿ ಫ್ರಿಜ್ ತೆರೆದರೆ, ಮಜ್ಜಿಗೆಯ ಪಾತ್ರೆಯ ಹಿಂದೆ ನನ್ನದಲ್ಲದ ಶೀಶೆಯೊಂದು ಕಂಡಿತು. ಅತ್ತೆ ಆಗ ಹೊರಗೆ ಕಾಫಿ ಕುಡಿಯುತ್ತಿದ್ದರು.

“ಇದೇನು?” ಎಂದು ಮಾಲೀಕರನ್ನು ಕೇಳಿದೆ.

“ಅದಾ? ಅದು ಎಂತದ್ದೂ ಅಲ್ಲ ಮಾರಾಯ್ರೆ. ಇಂಗಿನ ಪುಡಿ.”

“ಇಂಗನ್ನು ಫ್ರಿಜ್ಜಿನಲ್ಲಿ ಇಡುತ್ತೀರಾ?”

“ನಾವು ಇಡುವುದುಂಟು.”

“ಹಾಗಾದರೆ ಇವತ್ತಿನ ಸಾಂಬಾರಿಗೆ ಒಂದು ಚಿಟಿಕೆ ಹಾಕಿ ನೋಡೋಣ.”

ಅವರು ಶೀಶೆಗೆ ಕೈ ಅಡ್ಡ ಹಿಡಿದರು. “ಬೇಡ. ನಿಮ್ಮ ಅತ್ತೆ ಮತ್ತೆ ನನ್ನನ್ನು ಬಿಡ್ಲಿಕ್ಕಿಲ್ಲ.”

ಹೂ ದೇವರಿಗೆ ಹೋಗುತ್ತಿರಲಿಲ್ಲವೆಂದು ಆಗ ಹೊಳೆಯಿತು. ನಾನು ಮಾಡುವುದನ್ನೆಲ್ಲ ನೋಡಿಕೊಂಡು, ಕೇಸರಗಳನ್ನು ದೇವರ ಕೋಣೆಯಲ್ಲಿ ಕಾಗದದ ಮೇಲೆ ಒಣಗಿಸಿ, ಲಿಂಬೆವಾಸನೆಯ ವರನನ್ನು ಶೀಶೆಯಲ್ಲಿ ತುಂಬಿ, ಹೋಟೆಲಿನವರನ್ನೂ ಒಳಗೆ ಹಾಕಿಕೊಂಡಿದ್ದರು.

ನಾನು ಅತ್ತೆಗೆ ಏನೂ ಹೇಳಲಿಲ್ಲ. ಸಾಹೇಬರಿಗೆ ಹೇಳಿದೆ, ಬೈಯುತ್ತಾರೆಂದು ಕಾದೆ. ಅವರು ಛತ್ರಿಯ ತುದಿಯಿಂದ ನೆಲ ಕೆರೆದರು.

“ಅದು ತುಂಬ ದೂರದ ಕುಲ. ಕಾಯಿ ಕಟ್ಟಲಾರದು,” ಅಂದರು. “ಆದರೆ ನಮ್ಮಲ್ಲಿ ಯಾರೂ ಮಾಡಿ ನೋಡಿಲ್ಲ. ಮಾಜಿಗೆ ಒಂದು ಕೊಂಬೆ ಬಿಡೋಣ.”

ಹೀಗೆ ತಾಯಿಮರದ ಎಲ್ಲಕ್ಕಿಂತ ಕೆಳಗಿನ ಕೊಂಬೆಯಲ್ಲಿ ಮೊಗ್ಗುಗಳನ್ನು ಸಿದ್ಧಮಾಡಿ, ಚೀಲ ಕಟ್ಟಿ, ನಮ್ಮ ಪರಾಗ ಹಚ್ಚದೆ ಬಿಟ್ಟೆವು. ದಿನ ನೋಡಿ ನಾನು ಊಟದ ಹೊತ್ತಿಗೆ ಜೋರಾಗಿಯೇ ಹೇಳಿದೆ, “ಆ ಕೆಳಗಿನ ಕೊಂಬಿ ಇವತ್ತ ಅಂಟ ಆಗೇದ. ನನಗ ಪ್ಯಾಟ್ಯಾಗ ಕೆಲಸ ಅದ, ಸಂಜೀಕ ನೋಡ್ತೀನಿ.” ಅತ್ತೆ ರೊಟ್ಟಿ ಮುರಿಯುತ್ತ, ಕೇಳಿಸದವರಂತೆ, “ಹೋಗಿ ಬಾ,” ಅಂದರು.

ನಾನೂ ಸಾಹೇಬರೂ ಶೆಡ್ಡಿನ ಹಿಂದೆ ನಿಂತೆವು. ಅತ್ತೆ ಅತ್ತಿತ್ತ ನೋಡಿ, ಕಾವಲುಗಾರನನ್ನು ನೀರು ತರಲು ಅಟ್ಟಿ, ಸ್ಟೂಲು ಎಳೆದು ಏರಿದರು. ಹೋಟೆಲಿನಿಂದ ಯಾವಾಗ ತಂದಿಟ್ಟುಕೊಂಡಿದ್ದರೋ, ಸೊಂಟದಿಂದ ಶೀಶೆ ಬಂತು. ಚೀಲ ಬಿಚ್ಚಿ, ಒಂದೊಂದು ಹೂವಿಗೂ ಕುಂಚ ತಾಕಿಸಿ, ನಾನು ಕಟ್ಟುವುದಕ್ಕಿಂತ ಬಿಗಿಯಾಗಿ ಚೀಲ ಕಟ್ಟಿದರು. ಕೊನೆಗೆ ಸೆರಗಿನ ಗಂಟಿನಿಂದ ಅಕ್ಷತೆ ತೆಗೆದು ಕೊಂಬೆಗೆ ಹಾಕಿದರು. ಸಾಹೇಬರು ನಗು ತಡೆಯಲು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತರು.

ಹೂವಿನ ಕಾಲ ಮುಗಿಯಿತು. ಅತ್ತೆ ಹುಬ್ಬಳ್ಳಿಗೆ ಮರಳಿದರು. ಹೋಗುವಾಗ, “ಕೆಲಸ ಬಿಡಬ್ಯಾಡ. ಕೆಳಗಿನ ಕೊಂಬಿ ಮ್ಯಾಲ ಲಕ್ಷ್ಯ ಇರಲಿ,” ಅಂದರು. ಲಕ್ಷ್ಯವಿಟ್ಟೆ. ಮೇಲಿನ ಕೊಂಬೆಗಳಲ್ಲಿ ಸೊಟ್ಟ ವರನ ಕಾಯಿಗಳು ಗೊಂಚಲಾಗಿ ಉಬ್ಬಿದವು. ಕೆಳಗಿನ ಕೊಂಬೆಯಲ್ಲಿ ಹೂಗಳು ಒಂದೊಂದಾಗಿ ಒಣಗಿ, ಚೀಲದೊಳಗೆ ಬರೀ ಕಸ ಉಳಿಯಿತು. ನನಗೆ ನಿಜಕ್ಕೂ ಬೇಸರವಾಯಿತು. ಕಾಯಿ ಕಟ್ಟಲಾರದು ಎಂದಿದ್ದ ಸಾಹೇಬರೇ ಎರಡು ದಿನ ಮಂಕಾಗಿದ್ದರು.

ಮುಂದಿನ ವರ್ಷ ಅತ್ತೆ ಬಂದಾಗ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದೆ. ಅವರೇ ಕೊಂಬೆ ನೋಡಿ, “ಒಲ್ಲೆ ಅಂದಳೇನು?” ಅಂದರು.

“ನಿಮಗ ಗೊತ್ತಿತ್ತೇನ್ರಿ, ನಾವು ನೋಡಿದ್ದು?”

“ಶೆಡ್ಡಿನ ಹಿಂದಿಂದ ಛತ್ರಿ ಅರ್ಧ ಹೊರಗ ಬಂದಿತ್ತು. ನೀವು ಅಷ್ಟು ಸಂಭ್ರಮದಿಂದ ಅಡಗಿ ನಿಂತಿದ್ದಿರಿ, ಕೆಡಸೂದು ಯಾಕ ಅಂತ ಸುಮ್ಮನಿದ್ದೆ. ಅಕ್ಷತಾ ಹಾಕಿದ್ದು ನಿಮಗ ಕಾಣಲಿ ಅಂತನ.”

ಸೊಟ್ಟ ವರನ ಸಸಿಗಳು ಅಷ್ಟರಲ್ಲಿ ಮೊಳಕಾಲೆತ್ತರ ಬೆಳೆದಿದ್ದವು. ಕೆಲವು ನೆಟ್ಟಗೆ, ಕೆಲವು ಅಪ್ಪನಂತೆ. ಎಲ್ಲವೂ ಮಾತ್ರ ಬಿಸಿಲಿಗೆ ಜಗ್ಗದೆ ನಿಂತಿದ್ದವು. ಅತ್ತೆ ಸಾಲಿನುದ್ದಕ್ಕೂ ನಡೆದು, ಸಾಹೇಬರನ್ನು ಕೇಳಿ ಒಂದು ಸಸಿ ಪಡೆದರು. ನೆಟ್ಟಗಿದ್ದದ್ದನ್ನು ಕೊಡಲು ಹೋದರೆ ಬೇಡವೆಂದು, ಎಲ್ಲಕ್ಕಿಂತ ಸೊಟ್ಟಗಿದ್ದದ್ದನ್ನೇ ಬಿಸ್ಕಿಟಿನ ಡಬ್ಬಿಯಲ್ಲಿ ಇಟ್ಟುಕೊಂಡು, ರೈಲಿನಲ್ಲಿ ಕಿಟಕಿಯ ಪಕ್ಕ ಕೂಡಿಸಿ ಹುಬ್ಬಳ್ಳಿಗೆ ಒಯ್ದರು.

ಹಿತ್ತಿಲಲ್ಲಿ ಅದು ಬೇಗ ಬೆಳೆಯಿತು. ಪಕ್ಕದ ಮನೆಯವರು, ನಿಮ್ಮ ಗಿಡ ನಮ್ಮ ಬಾವಿಯ ನೀರೆಲ್ಲ ಕುಡಿಯುತ್ತದೆ ಎಂದು ಜಗಳಕ್ಕೆ ಬಂದರಂತೆ. ಅತ್ತೆ ಅವರನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, “ಅದು ಬರೋಡಾದ ಗಿಡ, ಅದಕ್ಕ ಕನ್ನಡ ತಿಳಿಯೂದಿಲ್ಲ. ನೀವು ಗುಜರಾತಿ ಕಲತು ಬಂದು ಹೇಳ್ರಿ,” ಅಂದರಂತೆ.