ಜಗಲಿಯವರೆಗಿನ ಪ್ರೀತಿ

ಕನ್ನಡ ಮೇಷ್ಟರಾಗಿ ನಿವೃತ್ತನಾದವನಿಗೆ ಗೌರಿಬಿದನೂರಿನಲ್ಲಿ ಎರಡೇ ಕೆಲಸ: ಲಗ್ನಪತ್ರಿಕೆಯ ಕಾಗುಣಿತ ತಿದ್ದುವುದು, ಕೇಳದವರಿಗೂ ಅರ್ಥ ಹೇಳುವುದು. ಹಾಗಾಗಿ ಎದುರುಮನೆಯ ನರ್ಸಮ್ಮ, "ಸಾರ್, ನಮ್ಮ ಪ್ರಾರ್ಥನೆ ಕೂಟದಲ್ಲಿ ಒಂದು ಪತ್ರ ಓದ್ತಾ ಇದೀವಿ. ಭಾಷೆ ಹಳೇದು, ತಲೆಗೇ ಹತ್ತಲ್ಲ. ಸ್ವಲ್ಪ ಬಿಡಿಸಿ ಹೇಳ್ತೀರಾ?" ಎಂದು ಕೇಳಿ ಮುಗಿಸುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಯಾಗಿತ್ತು.

ಬೈಬಲಿನಲ್ಲಿರುವ ಒಂದೇ ಪುಟದ ಪತ್ರ. ಕ್ರೈಸ್ತ ಧರ್ಮ ಇನ್ನೂ ಮನೆಮನೆಗಳೊಳಗೇ ನಡೆಯುತ್ತಿದ್ದ ಕಾಲದಲ್ಲಿ, ಸೆರೆಯಲ್ಲಿದ್ದ ಮುದುಕನೊಬ್ಬ ಒಬ್ಬ ಯಜಮಾನನಿಗೆ ಬರೆದದ್ದು. ಮೊದಲು ಅವನ ನಂಬಿಕೆಯನ್ನೂ ಪ್ರೀತಿಯನ್ನೂ ಚೆನ್ನಾಗಿ ಹೊಗಳಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುತ್ತಾನೆ. ನಿನ್ನ ಮನೆಯಿಂದ ಹೋದ ಆಳು ವಾಪಸು ಬರುತ್ತಿದ್ದಾನೆ, ಇನ್ನು ಅವನನ್ನು ಆಳೆನ್ನದೆ ತಮ್ಮನಂತೆ ಒಳಗೆ ಕರೆದುಕೋ ಎನ್ನುತ್ತಾನೆ.

ಮೂರು ಗುರುವಾರ ಮಾತಾಡಿದೆ. ನಂಬಿಕೆ ಬಾಯಲ್ಲಿಲ್ಲ, ಬಾಗಿಲಲ್ಲಿದೆ ಎಂದೆ. ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಇನ್ನೊಮ್ಮೆ ಹೇಳಿದೆ. ಯಜಮಾನನನ್ನಂತೂ ಬಿಡಲಿಲ್ಲ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನೋ ಪೈಕಿ ಅವನು. ಇಲ್ದಿದ್ರೆ ಇಂಥ ಪತ್ರ ಯಾಕ್ ಬೇಕಿತ್ತು?" ಎಂದೆ. ನರ್ಸಮ್ಮ ಕಣ್ಣೊರೆಸಿಕೊಂಡರು. ಅವರಿಗೆ ಪೊರೆ ಆಪರೇಷನ್ ಆಗಿತ್ತು. ನಾನು ನನ್ನ ಭಾಷಣದ ಮಹಿಮೆಯೆಂದೇ ತಿಳಿದೆ.

ನಾಲ್ಕನೆಯ ಗುರುವಾರ ಹೊರಡುವ ಹೊತ್ತಿಗೆ ಮನೆ ಮುಂದೆ ಕಾರು ನಿಂತಿತು. ಇಳಿದವನು, ನಗರಗೆರೆಯ ನಮ್ಮ ಮನೆಯಲ್ಲಿ ಜೀತಕ್ಕಿದ್ದವನ ಮಗ. ನಮ್ಮ ಕೊಟ್ಟಿಗೆಯಲ್ಲಿ ಕೂತು ಓದಿ, ಈಗ ಚಿಂತಾಮಣಿಯಲ್ಲಿ ಕಾಲೇಜಿನ ಪ್ರಿನ್ಸಿಪಾಲ್. ಎದುರಿಗೆ 'ನೀವು' ಅನ್ನುತ್ತೇನೆ. ಬರೆಯುವಾಗ ಕೈ ಇನ್ನೂ 'ಅವನು' ಎಂದೇ ಓಡುತ್ತದೆ. ಮಗಳ ಮದುವೆಗೆ ಕರೆಯಲು ಬಂದಿದ್ದ. ಪತ್ರಿಕೆಯ ಮೇಲೆ ಬುದ್ಧನ ಚಿತ್ರವಿತ್ತು.

'ಒಳಗೆ ಬನ್ನಿ' ಎಂಬ ಮಾತು ನನ್ನ ಗಂಟಲವರೆಗೆ ಬಂದದ್ದು ನಿಜ. ಮೂರು ವಾರ ಊರಿಗೆಲ್ಲ ಅದನ್ನೇ ತಾನೆ ಬೋಧಿಸಿದ್ದೆ? ಅಷ್ಟರಲ್ಲಿ ಅವನೇ ಜಗಲಿಯ ಮೇಲಿದ್ದ ಕುರ್ಚಿ ಎಳೆದುಕೊಂಡ.

"ಇಲ್ಲೇ ಕೂರ್ತೀನಿ ಸಾರ್. ಒಳಗೆ ಅಮ್ಮ ಇದಾರಲ್ಲ, ಪಾಪ, ಹಳೇ ಕಾಲದೋರು. ಅವ್ರಿಗ್ಯಾಕೆ ಕಸಿವಿಸಿ?"

ಅದು ನಾನೇ ಹೇಳಿಕೊಟ್ಟ ನೆಪ. ಹಿಂದೆ ಅವನು ಬಂದಾಗಲೆಲ್ಲ, ನನ್ನದೇನೂ ಇಲ್ಲಪ್ಪ, ಎಲ್ಲ ಅಮ್ಮನದು ಎಂಬಂತೆ ಇದನ್ನೇ ಹೇಳಿ ಹೊರಗೆ ಕೂರಿಸಿದ್ದೆ. ಆದರೆ ನನ್ನಮ್ಮ ಲಾಕ್‌ಡೌನಿನಲ್ಲೇ ತೀರಿಕೊಂಡಿದ್ದರು. ಆಗ ಯಾರಿಗೂ ಹೇಳಿಕಳಿಸಲು ಆಗಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಈಗ ಅಮ್ಮ ಇಲ್ಲವೆಂದರೆ ಬಾಗಿಲಿಗೆ ಅಡ್ಡ ನಿಂತಿರುವವನು ನಾನೊಬ್ಬನೇ ಎಂದಾಗುತ್ತಿತ್ತು.

"ಇಲ್ಲಿ ಗಾಳಿ ಚೆನ್ನಾಗಿದೆ" ಎಂದೆ. ಏಪ್ರಿಲ್ ತಿಂಗಳು, ಎಲೆ ಅಲುಗುತ್ತಿರಲಿಲ್ಲ. ಹೆಂಡತಿ ಕಾಫಿ ತಂದಿಟ್ಟು, ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಹುಡುಗ ಶಿಡ್ಲಘಟ್ಟದವನಂತೆ, ಒಳ್ಳೆ ಜನವಂತೆ. ನಾನು ಪತ್ರಿಕೆಯಲ್ಲಿ ಕಾಗುಣಿತದ ತಪ್ಪು ಹುಡುಕುತ್ತ ಕೂತೆ. ಒಂದೂ ಇರಲಿಲ್ಲ.

ಹೊರಡುವಾಗ ಅವನು ಬಾಗಿಲ ಕಡೆ ತಿರುಗಿ ಕೈಮುಗಿದು, ಒಳಗೆ ಕೇಳಲೆಂದು ದನಿ ಎತ್ತಿದ: "ಅಮ್ಮಾ, ನನ್ ಮಗಳ ಮದ್ವೆ. ಅಲ್ಲಿಂದ್ಲೇ ಆಶೀರ್ವಾದ ಮಾಡಿ!"

ತುಸು ಹೊತ್ತು ಕಾದ.

"ಮಲಗಿರ್ಬೇಕು. ಎದ್ಮೇಲೆ ಹೇಳಿ ಸಾರ್."

ನಾಚಿಕೆಯಿಂದ ಹಿಡಿಯಷ್ಟಾದೆ. "ಹೇಳ್ತೀನಿ" ಅಂದೆ.