ಕಾಕುವಿನ ಹೆಸರಿನಲ್ಲಿ ಹೋದವಳು

ಹೋದ ವಾರ ಊರಂಚಿನ ಕೋಟನೂರದಲ್ಲಿ ನಾನೀಗಿರುವ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಕಾರ್ಬನ್ ಪೇಪರಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದ ಕೂಡಲೇ ಆ ವಾಸನೆ... ಎಣ್ಣೆ, ಮಸಿ, ಧೂಳು ಎಲ್ಲ ಕೂಡಿದ್ದು. ಬೆರಳಿಗೆ ನೀಲಿ ಹತ್ತಿತು. ಮುಂದೆ ಕೆಲಸ ಮಾಡಲು ಮನಸ್ಸಾಗದೆ ಅಲ್ಲೇ ಕುಳಿತೆ. ಕಾಕು ನೆನಪಾದರು.

ಅವರು ನನಗೆ ಸ್ವಂತ ಕಾಕು, ಎಂದರೆ ಚಿಕ್ಕಮ್ಮ, ಅಲ್ಲ. ಈ ಊರನ್ನು ಇನ್ನೂ ಗುಲಬರ್ಗಾ ಎನ್ನುತ್ತಿದ್ದ ಎಂಬತ್ತರ ದಶಕದಲ್ಲಿ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನೆಹರು ಗಂಜ್ ಪೇಟೆಯಲ್ಲಿ ಒಂದು ಬ್ಯಾಳಿ ಅಂಗಡಿಯ ಮೇಲಿದ್ದ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಬಿಡುವಿದ್ದಾಗ ಜನರ ಅರ್ಜಿಗಳನ್ನು ಟೈಪು ಮಾಡಿಕೊಡುತ್ತಿದ್ದೆ. ಕಾಕುವಿನ ಯಜಮಾನರು ಮಠವೊಂದರಲ್ಲಿ ಪೂಜೆಗಿದ್ದರು, ಮಾತು ಕಡಿಮೆ. ಮಕ್ಕಳಿರಲಿಲ್ಲ. ತಾಯಿ ಬೇಗ ತೀರಿಕೊಂಡದ್ದರಿಂದ ಕಾಕು ತಮ್ಮನನ್ನು ತಾವೇ ಎತ್ತಿ ಬೆಳೆಸಿದ್ದರು. ಅವನು ಮಸ್ಕತ್ತಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನ ಪತ್ರ ಮರಾಠಿಯಲ್ಲಿ ಬರುತ್ತಿತ್ತು. ಕಾಕು ಅದನ್ನು ಕನ್ನಡ ಮಾಡಿ ನನಗೆ ಓದಿ ಹೇಳುತ್ತಿದ್ದರು. ಪ್ರತಿ ಪತ್ರದ ಕೊನೆಗೆ ಒಂದೇ ಮಾತು: ಅಕ್ಕಾ, ಒಮ್ಮೆ ಬಂದು ಹೋಗು.

ಕಾಕುವಿಗೆ ಏಜೆಂಟನೊಬ್ಬನನ್ನು ತೋರಿಸಿದವಳು ನಾನು. ಕೊಲ್ಲಿ ದೇಶಗಳಿಗೆ ಹೋಗುವವರ ಕಾಗದಪತ್ರ ಹಿಡಿದು ಅವನು ವಾರಕ್ಕೆರಡು ಸಲ ನನ್ನ ಟೇಬಲ್ಲಿಗೆ ಬರುತ್ತಿದ್ದ. ಕಾಕು ಬಿ.ಎ. ಓದಿದವರಾದ್ದರಿಂದ ಅವರ ಪಾಸ್‌ಪೋರ್ಟಿಗೆ ‘ವಲಸೆ ತಪಾಸಣೆ ಬೇಕಿಲ್ಲ’ ಎಂಬ ಮುದ್ರೆ ಸುಲಭವಾಗಿ ಬಿತ್ತು. ಓದುಬರಹ ಇಲ್ಲದ ಹೆಂಗಸರಿಗೆ ಆ ಮುದ್ರೆ ಸಿಗುತ್ತಿರಲಿಲ್ಲ, ಅದಿಲ್ಲದೆ ಕೊಲ್ಲಿಗೆ ಕೆಲಸಕ್ಕೆ ಹೋಗುವುದು ಕಷ್ಟವಿತ್ತು. ಅದರ ಬೆಲೆ ನಮಗೆ ತಿಳಿದಿರಲಿಲ್ಲ, ಅವನಿಗೆ ತಿಳಿದಿತ್ತು. ವೀಸಾ ಹಾಕಿಸುತ್ತೇನೆಂದು ಪಾಸ್‌ಪೋರ್ಟು ಒಯ್ದ.

"ಹದಿನೈದು ದಿನದ ಕೆಲಸ ರೀ ಅಮ್ಮಾ, ಫಿಕರ್ ಮಾಡಬ್ಯಾಡ್ರಿ" ಎಂದ. ಆಮೇಲೆ ಅವನ ಕೋಣೆಗೆ ಬೀಗ.

ಇಲ್ಲಿ ಒಂದು ಮಾತು ಬರೆಯಲೇಬೇಕು. ಅದಕ್ಕೂ ಒಂದು ತಿಂಗಳು ಮೊದಲು ಅವನು ನನ್ನ ಟೇಬಲ್ ಮೇಲೆ ಲಕೋಟೆಯೊಂದನ್ನು ಮರೆತು ಹೋಗಿದ್ದ. ಅದರಲ್ಲಿ ಯಾರದೋ ಪಾಸ್‌ಪೋರ್ಟಿತ್ತು. ಫೋಟೊ ಅರ್ಧ ಕಿತ್ತಿತ್ತು. ನೋಡಿದೆ, ಹಾಗೇ ಮುಚ್ಚಿಟ್ಟೆ, ಅವನು ಬಂದಾಗ ಕೊಟ್ಟೆ. ಕೇಳಲಿಲ್ಲ. ಕಾಯಂ ಕೆಲಸ ತರುವವನು ಮುನಿಸಿಕೊಂಡಾನು ಎಂದುಕೊಂಡೆ...

ಪೊಲೀಸರು ‘ಕಳೆದಿದೆ’ ಎಂದು ಬರೆದುಕೊಂಡರು. ಓಡಾಡಿ ಓಡಾಡಿ ಹೊಸ ಪಾಸ್‌ಪೋರ್ಟು ಕೈಗೆ ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ತಮ್ಮನ ಮೂತ್ರಪಿಂಡಗಳು ಕೆಟ್ಟಿದ್ದವು. ಅವನ ಪತ್ರಗಳಲ್ಲಿ ಅಕ್ಷರ ದೊಡ್ಡದಾಗುತ್ತ, ಮಾತು ಕಡಿಮೆಯಾಗುತ್ತ ಬಂತು. ಕಾಕು ಯಜಮಾನರ ಜೊತೆ ರೈಲಿನಲ್ಲಿ ಮುಂಬಯಿಗೆ ಹೋದರು. ನಾಲ್ಕನೆಯ ದಿನ ಇಬ್ಬರೂ ತಿರುಗಿ ಬಂದರು.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅವರನ್ನು ಸಾಲಿನಿಂದ ಹೊರಗೆ ತೆಗೆದಿದ್ದ. ಕಳೆದುಹೋದದ್ದೆಂದು ಬರೆಸಿದ ಹಳೆಯ ಪಾಸ್‌ಪೋರ್ಟಿನ ಮೇಲೆ ‘ಇವರು’ ಆಗಲೇ ದೇಶ ಬಿಟ್ಟು ಹೋಗಿದ್ದರು, ಹಿಂದಿರುಗಿರಲಿಲ್ಲ.

"‘ಪಾಸ್‌ಪೋರ್ಟ್ ಎಷ್ಟಕ್ಕ ಮಾರಿದ್ರಿ?’ ಅಂತ ಕೇಳಿದ ತಂಗಿ" ಎಂದರು ಕಾಕು. "ಹಳೇ ಪಾತ್ರಿ ಪಾತೇಲಿ ಮಾರಿದವರನ್ನ ಕೇಳಿದ್ಹಂಗ. ನಾ ಇಲ್ಲೇ ಇದ್ದೀನಲ್ರೀ ಅಂದೆ. ಕಾಗದದಾಗ ನೀವು ಅಲ್ಲಿದ್ದೀರಿ ಅಂದ."

ನಾಲ್ಕು ತಾಸು ಬೆಂಚಿನ ಮೇಲೆ ಕೂರಿಸಿ, ಹೊಸ ಪಾಸ್‌ಪೋರ್ಟನ್ನೂ ಇಟ್ಟುಕೊಂಡು ಹೊರಗೆ ಕಳಿಸಿದರು. ಯಜಮಾನರು ಅವರನ್ನು ಒಳಗೆ ಬಿಟ್ಟ ಬಾಗಿಲ ಬಳಿಯೇ ಇನ್ನೂ ನಿಂತಿದ್ದರಂತೆ. ವಿಮಾನ ಏರುವುದನ್ನು ನೋಡಿಯೇ ಹೋಗೋಣ ಎಂದು.

ಆಮೇಲೆ ಅರ್ಜಿಗಳು. ಬೆಂಗಳೂರಿಗೆ, ದಿಲ್ಲಿಗೆ, ಜಿಲ್ಲಾ ಪೊಲೀಸರಿಗೆ. ‘ನಾನು ಭಾರತ ಬಿಟ್ಟು ಎಂದೂ ಹೋಗಿಲ್ಲ’ ಎಂಬ ವಾಕ್ಯವನ್ನು ಎಷ್ಟು ಸಲ ಟೈಪು ಮಾಡಿದೆನೋ. ಉತ್ತರ ಬಂದರೆ ‘ಪರಿಶೀಲನೆಯಲ್ಲಿದೆ’. ಹಾಗಿರುವಾಗಲೇ ಒಂದು ಮಧ್ಯಾಹ್ನ ತಂತಿ ಬಂತು. ತಮ್ಮ ಹೋಗಿಬಿಟ್ಟಿದ್ದ. ಕ್ರಿಯೆಯನ್ನು ಅವನ ಜೊತೆಗಾರರು ಅಲ್ಲಿಯೇ ಮುಗಿಸಿದ್ದರು. ಕಾಕು ಅಳಲಿಲ್ಲ. ಮರುವಾರ ನನ್ನ ಟೇಬಲ್ಲಿಗೆ ಬಂದು, "ಮುಂದಿನ ಅರ್ಜಿ ಹೊಡಿ" ಎಂದರು. ನಾನು ಕಾರ್ಬನ್ ಪೇಪರು ಜೋಡಿಸಿದೆ.

ಅದಾಗಿ ಮೂರ್ನಾಲ್ಕು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಹೆಂಗಸೊಬ್ಬಳು ಮನೆ ಕೇಳಿಕೊಂಡು ಬಂದಳು. ನಲವತ್ತರ ಆಜೂಬಾಜು, ಇಳಕಲ್ ಸೀರೆ, ಕೈಯಲ್ಲಿ ಬಟ್ಟೆಯ ಗಂಟು. ಕಾಕುವೇ ಬಾಗಿಲು ತೆಗೆದರು, ನಾನು ಹಿಂದಿದ್ದೆ.

"ನಾ ಕಮಲಾಪುರದಾಕಿ ರೀ. ಈ ಮನ್ಯಾಗ ಒಬ್ರು ಅಕ್ಕಾರು ತೀರಿಕೊಂಡಾರಲ್ರೀ, ಅವರ ಪಾಸ್‌ಪೋರ್ಟ್ ನನ್ನ ಕಡಿ ಉಳದೈತಿ. ಕೊಟ್ಟು ಹೋಗಾಕ ಬಂದೀನಿ."

ಕಾಕು ಅದನ್ನು ತೆಗೆದು ನೋಡಿದರು. ಹೆಸರು ಅವರದು, ಹುಟ್ಟಿದ ದಿನ ಅವರದು, ಗಂಡನ ಹೆಸರು ಅವರದು. ಫೋಟೊ ಎದುರಿಗೆ ನಿಂತವಳದು.

"ಈ ಹೆಸರಿನಾಕಿ ನಾನೇ" ಎಂದರು.

ಅವಳು ಗಂಟನ್ನು ಕಟ್ಟೆಯ ಮೇಲಿಟ್ಟು ಕಾಕುವನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಸತ್ತಾರ ಅಂತ ಹೇಳಿದ್ದ ರೀ ಆ ಏಜೆಂಟ. ಸತ್ತವ್ರಿಗಿ ಇದು ಯಾಕ ಬೇಕು, ನೀ ತಗೊಂಡ್ ಹೋಗು ಅಂದ. ಅಮಾಸಿಗೊಮ್ಮೆ ನಿಮ್ಮ ಹೆಸರಲೆ ಒಂದ್ ತುತ್ತು ತೆಗದಿಡತಿದ್ದೆ ರೀ. ಅಲ್ಲಿ ಕಾಗಿ ಬರತಿರಲಿಲ್ಲ, ಪಾರಿವಾಳ ಬಂದು ತಿಂತಿದ್ವು."

ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯ ಬಳಿ ಬಿಟ್ಟು ಮನೆಗೆಲಸಕ್ಕೆಂದು ಹೋಗಿದ್ದಳು. ಹೋದದ್ದೂ ಮಸ್ಕತ್ತಿಗೇ. ತಿರುಗಿ ಬರುವಾಗ ಮುಂಬಯಿಯಲ್ಲಿ ಅವಳನ್ನು ಯಾರೂ ತಡೆಯಲಿಲ್ಲ. ಮುಖಕ್ಕೂ ಫೋಟೊಗೂ ತಾಳೆಯಾಗಿತ್ತು. ಕಾಕು ಅವಳನ್ನು ಒಳಗೆ ಕರೆದು ಚಹಾ ಕೊಟ್ಟರು. ಊರು ಹೇಗಿತ್ತು ಎಂದು ಕೇಳಿದರು.

"ಅಡಿಗಿಮನಿ ಬಿಟ್ಟು ಏನೂ ನೋಡಿಲ್ರೀ. ಕಿಡಕ್ಯಾಗಿಂದ ಒಂದ್ ಕರೀ ಗುಡ್ಡ ಕಾಣತಿತ್ತು."

"ಹೌದು, ಕರೀ ಗುಡ್ಡ" ಎಂದರು ಕಾಕು. "ನನ್ನ ತಮ್ಮನೂ ಪತ್ರದಾಗ ಬರದಿದ್ದ."

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಆಗ ವಿಚಾರ ಮಾಡಲಿಲ್ಲ. ವಕೀಲರನ್ನು ಕೇಳಿದೆ. ಅವಳು ನಿಜ ಬರೆದುಕೊಟ್ಟರೆ ಕಾಕುವಿನ ಹೆಸರು ತೊಳೆದುಹೋಗುತ್ತದೆ, ಅವಳ ಮೇಲೆ ಕೇಸಾಗುತ್ತದೆ ಎಂದರು. ಹೇಳಿಕೆ ಟೈಪು ಮಾಡಿಕೊಂಡು ಕಾಕುವನ್ನು ಬಸ್ಸಿನಲ್ಲಿ ಕಮಲಾಪುರಕ್ಕೆ ಹೊರಡಿಸಿದೆ.

ಎರಡು ಅಂಕಣದ ಮನೆ. ಅವಳು ಬಾಳೆತೋಟದ ಕೂಲಿಯಿಂದ ಆಗತಾನೆ ಬಂದಿದ್ದಳು. ತಟ್ಟೆಯಲ್ಲಿ ಕೆಂಪು ಬಾಳೆಹಣ್ಣಿಟ್ಟಳು. ನಾನು ಕಾಗದ ಓದಿ ಹೇಳಿದೆ. ಪೂರ್ತಿ ಕೇಳಿ, "ಇದಕ್ಕ ಹೆಬ್ಬಟ್ಟು ಒತ್ತಿದ್ರ ನಂಗ ಜೇಲಾಗತೈತೇನ್ರಿ?" ಎಂದಳು.

"ಆಗಬಹುದು" ಎಂದರು ಕಾಕು.

ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದ ಮಗಳ ಕಡೆ ಒಮ್ಮೆ ನೋಡಿದಳು. "ಒತ್ತತೀನ್ರಿ. ಇಷ್ಟ್ ವರ್ಷ ನಿಮ್ಮ ಹೆಸರ್ಲೆ ಉಂಡೀನಿ" ಎಂದು ಬೆರಳು ಮುಂದೆ ಹಿಡಿದಳು. ನಾನು ಮಸಿಯ ಪೆಟ್ಟಿಗೆ ತೆರೆದೆ. ಕಾಕು ನನ್ನ ಮಣಿಕಟ್ಟು ಹಿಡಿದರು.

"ಸಾಕು ತಂಗಿ. ಹೆಸರು ಚೊಕ್ಕಾಗಿ ನಾ ಈಗ ಯಾರ ಹತ್ರ ಹೋಗಬೇಕಾಗ್ಯಾದ?"

ದನಿಯಲ್ಲಿ ದಯೆ ಇತ್ತು ಎಂದು ಹೇಳಲಾರೆ. ಬರೀ ದಣಿವಿತ್ತು.

ತಿರುಗಿ ಬರುವಾಗ ಬಸ್ಸು ಮಹಾಗಾಂವದಲ್ಲಿ ಬಹಳ ಹೊತ್ತು ನಿಂತಿತು. ಮೇಲೆ ತೊಗರಿ ಚೀಲ ಏರಿಸುತ್ತಿದ್ದರು. ಆ ಲಕೋಟೆಯ ಸಂಗತಿಯನ್ನು ನಾನು ಅಲ್ಲಿ ಕಾಕುವಿಗೆ ಹೇಳಿದೆ. ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಪೊಲೀಸರಿಗೆ ಮೊದಲನೇ ಅರ್ಜಿ ಹೊಡಿಯೋವಾಗ ಏಜೆಂಟನ ಹೆಸರು ನೀ ಮೂರು ಸಲ ತಪ್ಪು ಹೊಡದಿದ್ದಿ. ನಂಗ ಆವತ್ತೇ ತಿಳದದ."

ಅಷ್ಟೇ. ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಮರುದಿನ ಎಂದಿನಂತೆ ನನ್ನ ಕೋಣೆಗೆ ಸಾರು ಕಳಿಸಿದರು.

ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷಕ್ಕೆ ಕಾಕು ತೀರಿಕೊಂಡರು. ಆ ಸರಕಾರಿ ದಫ್ತರಗಳಲ್ಲಿ ಅವರ ವಿಚಾರಣೆ ಮುಗಿಯಿತೋ ಇಲ್ಲವೋ ಯಾರೂ ತಿಳಿಸಲಿಲ್ಲ. ದಿನಕರ್ಮಗಳು ಮುಗಿದ ಮೇಲೆ ನಾನೊಬ್ಬಳೇ ಕಮಲಾಪುರಕ್ಕೆ ಹೋದೆ. ಯಾರೂ ಹೋಗೆಂದಿರಲಿಲ್ಲ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಕು ಹೋದರು ಎಂದೆ. ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಈ ಸಲ ಖರೇನೇನ್ರಿ?"

ಖರೆ, ಈ ಸಲ ಸುಳ್ಳಲ್ಲ ಎಂದೆ. ಅವಳು ಮತ್ತೆ ಮೊರ ಎತ್ತಿಕೊಂಡಳು, ನಾನು ಪಕ್ಕದಲ್ಲಿ ಕುಳಿತೆ...

ಈಗ ಅವಳೂ ಇಲ್ಲ. ಊರಿಗೆ ವಿಮಾನ ನಿಲ್ದಾಣ ಬಂದಿದೆ; ಓಣಿಯ ಮಕ್ಕಳು ತಲೆಯೆತ್ತಿ ನೋಡುತ್ತಾರೆ, ನಾನು ನೋಡುವುದಿಲ್ಲ. ಕಾಕು ಬದುಕಿದ್ದಾಗ ಅವರ ಬಾಯಿಂದ ‘ಕ್ಷಮಿಸಿದೆ’ ಎಂಬ ಒಂದು ಮಾತು ಕೇಳಬೇಕೆಂದು ವರ್ಷಗಟ್ಟಲೆ ಕಾದಿದ್ದೆ. ಅವರು ತೀರಿಕೊಂಡಾಗಿನ ವಯಸ್ಸನ್ನು ನಾನೀಗ ದಾಟಿದ್ದೇನೆ. ಆ ಮಾತನ್ನು ಕೊಡಬಲ್ಲವರು ಯಾರೂ ಉಳಿದಿಲ್ಲ.