ಆರ್ಲಿಸ್ ಲ್ಯಾಟಿನ್ ಬಿಟ್ಟದ್ದು

ಅರವತ್ತರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದ ನಮ್ಮ ಪುಟ್ಟ ಕಾಲೇಜಿನಲ್ಲಿ ನಾನು ಸಂಗೀತ ಬಿಟ್ಟು ಇತಿಹಾಸಕ್ಕೆ ಹೋದೆ, ಇತಿಹಾಸ ಬಿಟ್ಟು ಗೃಹವಿಜ್ಞಾನಕ್ಕೆ ಬಂದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಕೋಣೆಯ ಗೆಳತಿ ಆರ್ಲಿಸ್ ಹೌಗನ್‌ಗೆ ಆ ಸುಖವಿರಲಿಲ್ಲ. ಲ್ಯಾಟಿನ್ನನ್ನು ಮುಖ್ಯ ವಿಷಯವಾಗಿ ಓದುತ್ತಿದ್ದವಳು ಇಡೀ ಕಾಲೇಜಿಗೆ ಅವಳೊಬ್ಬಳೇ. ಅವಳು ಬಿಟ್ಟರೆ ವಿಭಾಗ ಮುಚ್ಚುತ್ತದೆ, ಲ್ಯಾಟಿನ್ ಕಲಿಸುವ ನೈಗಾರ್ಡ್ ಮೇಷ್ಟ್ರು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾರೆ.

ಆ ವಸಂತದಲ್ಲಿ ಭೂವಿಜ್ಞಾನದವರ ಜೊತೆ ದೊಡ್ಡ ಸರೋವರದ ದಂಡೆಗೆ ಹೋಗಿಬಂದವಳ ತಲೆಯಲ್ಲಿ ಕಲ್ಲು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಕಿಟಕಿಯಲ್ಲಿ ಕಲ್ಲು, ನನ್ನ ಬೂಟಿನೊಳಗೂ ಕಲ್ಲು.

"ಓದಿದ್ರೆ ಇದನ್ನೇ ಓದ್ಬೇಕು ಕಣೇ," ಎಂದಳು.

"ಹಾಗಾದ್ರೆ ಮೇಷ್ಟ್ರಿಗೆ ಹೇಳು."

"ಹೇಗೆ ಹೇಳ್ಲಿ? ದಿನಾ ಬೋರ್ಡ್ ಮೇಲೆ 'ಎಲ್ಲರಿಗೂ ನಮಸ್ಕಾರ' ಅಂತ ಲ್ಯಾಟಿನ್‌ನಲ್ಲಿ ಬರೀತಾರೆ. ಎಲ್ಲರೂ ಅಂದ್ರೆ ನಾನೊಬ್ಬಳೇ."

ಕಾಲು ತುಳಿಸಿಕೊಂಡು ತಾವೇ ಕ್ಷಮೆ ಕೇಳುವ ಜನ ನಾವು, ಮಿನ್ನೆಸೋಟದವರು. ಅವಳು ಹೇಳುವುದಿಲ್ಲವೆಂದು ಖಾತ್ರಿಯಾಗಿ, ಒಂದು ಭಾನುವಾರ ನಾನೇ ಅವಳನ್ನು ಮೇಷ್ಟ್ರ ಮನೆಗೆ ಎಳೆದುಕೊಂಡು ಹೋದೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ತಾವೇ ಕಾಫಿ ಮಾಡಿ ಕೊಟ್ಟರು.

ಆರ್ಲಿಸ್ ನೆಲ ನೋಡುತ್ತಾ ವಿಷಯ ಹೇಳಿದಳು. ಮೇಷ್ಟ್ರು ಸುಮ್ಮನೆ ಚಮಚ ತಿರುವಿದರು. ಅಷ್ಟಕ್ಕೇ ಇವಳು ಕರಗಿಹೋದಳು.

"ಬೇಕಾದ್ರೆ ಇರ್ತೀನಿ ಸರ್."

"ಬೇಡಮ್ಮ, ಬೇಡ."

"ಇನ್ನೊಂದು ವರ್ಷ ತಾನೆ, ಮುಗಿಸ್ತೀನಿ."

"ಏನೂ ಬೇಡ. ಕೇಕ್ ತಗೋ."

ನಮ್ಮಲ್ಲಿ ಮೊದಲೆರಡು 'ಬೇಡ' ಬರೀ ಮರ್ಯಾದೆಗೆ. ಕಾಫಿಗಾಗಲಿ, ಕೇಕಿಗಾಗಲಿ, ಮೂರನೆಯ ಸಲ ಕೇಳಿದಾಗ ಹೇಳುವುದೇ ನಿಜವಾದ ಉತ್ತರ. ಈಗ ಅವರು ಹೂಂ ಎಂದರೆ ಆರ್ಲಿಸ್ ಉಳಿದೇಬಿಡುತ್ತಾಳೆ. ಅದು ಮೂವರಿಗೂ ಗೊತ್ತಿತ್ತು.

"ನಿಜ ಹೇಳಿ ಸರ್, ಇರ್ಲಾ?"

ಮೇಷ್ಟ್ರು ಅವಳನ್ನೇ ನೋಡಿದರು.

"ಬೇಡ. ನನಗೆ ಬೆನ್ನುನೋವು ಕಣಮ್ಮ. ಮೂರು ಮಹಡಿ ಹತ್ತಿ ಸಾಕಾಗಿದೆ. ನೀನಿದ್ದೀಯಲ್ಲ ಅಂತ ಹತ್ತುತ್ತಿದ್ದೆ. ನೀನು ಹೋದ್ರೆ ನಾನೂ ಬಚಾವ್."

ದಾರಿಯುದ್ದಕ್ಕೂ ಆರ್ಲಿಸ್ ಕುಣಿಯುತ್ತಾ ಬಂದಳು.

ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ನಾನು ಮೆಟ್ಟಿಲಿಳಿಯುತ್ತಿದ್ದಾಗ ಮೇಷ್ಟ್ರು ಎರಡೆರಡು ಮೆಟ್ಟಿಲು ದಾಟಿಕೊಂಡು ಮೇಲೆ ಬರುತ್ತಿದ್ದರು. ನನ್ನನ್ನು ಕಂಡದ್ದೇ ತಡ, ನಿಂತು ಸೊಂಟದ ಮೇಲೆ ಕೈಯಿಟ್ಟರು.

"ಅವಳಿಗೆ ಹೇಳ್ಬೇಡಮ್ಮ," ಎಂದರು.

ಬೇಸಿಗೆಯಲ್ಲಿ ವಿಭಾಗ ಮುಚ್ಚಿತು. ಆರ್ಲಿಸ್ ಡುಲೂತ್ ಊರಿನ ಶಾಲೆಯಲ್ಲಿ ನಿವೃತ್ತಳಾಗುವವರೆಗೂ ಮಕ್ಕಳಿಗೆ ಭೂವಿಜ್ಞಾನ ಕಲಿಸಿದಳು. ಮೇಷ್ಟ್ರು ಬದುಕಿರುವವರೆಗೂ ಪ್ರತಿ ಕ್ರಿಸ್‌ಮಸ್‌ಗೆ ಅವರಿಗೊಂದು ಉಣ್ಣೆಯ ಸೊಂಟಪಟ್ಟಿ ಹೆಣೆದು ಕಳಿಸುತ್ತಿದ್ದಳು. ಬೆನ್ನಿಗೆ ಎಷ್ಟು ಹಿತವಾಗಿದೆ ಎಂದು ಅವರೂ ತಪ್ಪದೆ ಬರೆಯುತ್ತಿದ್ದರು.

ಈಗಲೂ ಫೋನಿನಲ್ಲಿ, "ಪಾಪ, ಆ ಬೆನ್ನಿಟ್ಕೊಂಡು ನನಗೋಸ್ಕರ ಎಷ್ಟು ಕಷ್ಟಪಟ್ರು ಕಣೇ," ಎನ್ನುತ್ತಾಳೆ.

"ಹೌದು ಕಣೇ, ತುಂಬಾ ಕಷ್ಟಪಟ್ರು," ಎನ್ನುತ್ತೇನೆ. ಅದು ಸುಳ್ಳಲ್ಲ.